ಎಡಬದಿಯ ಕಪ್ಪು

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮಹಡಿಯಲ್ಲಿ ನನ್ನ ಸ್ಟುಡಿಯೊ ಇದೆ. ಹೊಟ್ಟೆಪಾಡು ನಡೆಯುವುದು ಕಾಲೇಜು ಮಕ್ಕಳ ಪಾಸ್‌ಪೋರ್ಟ್ ಫೋಟೊಗಳಿಂದ. ಹಳೆಯ ವಿಡಿಯೊಗಳನ್ನು ಸರಿಮಾಡುವುದು ನನ್ನ ಚಟ. ಬೇರೆಯವರು ಕೆಡಿಸಿದ್ದನ್ನು ನಾನು ಸರಿಮಾಡುತ್ತೇನೆ ಎಂಬ ಜಂಬವೂ ಅದರಲ್ಲಿ ಸೇರಿದೆ. ಇನ್ನೊಂದು ಸ್ಟುಡಿಯೊದ ಕೆಲಸ ನೋಡಿ ಮೂಗು ಮುರಿಯದೆ ಇರುವುದು ನನ್ನಿಂದ ಇದುವರೆಗೆ ಆಗಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಪುತ್ತಿಗೆ ಕಡೆಯ ಒಂದು ಶಾಲೆಯ ಟೀಚರ್ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅದರಲ್ಲಿದ್ದದ್ದು ಇಪ್ಪತ್ತು ವರ್ಷ ಹಿಂದಿನ ಅವರದೇ ಮದುವೆಯ ವಿಡಿಯೊ. ಹಾಕಿ ನೋಡಿದೆ. ನಾಲ್ಕೂ ಕಡೆ ದಪ್ಪ ಕಪ್ಪು ಅಂಚು, ನಡುವೆ ಅಂಚೆಚೀಟಿಯಷ್ಟು ಮದುವೆ.

"ಈ ಕಪ್ಪು ತೆಗೆದು ಕೊಡ್ಲಿಕ್ಕೆ ಆಗ್ತದಾ? ಚಿತ್ರ ಮಾತ್ರ ಹಾಳಾಗ್ಬಾರದು."

"ತೆಗೆಯುವಾ, ಟೀಚರ್. ಅವಸರ ಉಂಟಾ?"

"ಬರುವ ವಾರ ಅಮ್ಮ ಮುಂಡಾಜೆಯಿಂದ ಬರ್ತಾರೆ. ಅವರಿಗೆ ದೊಡ್ಡದಾಗಿ ತೋರಿಸ್ಬೇಕು. ನನ್ನ ಧಾರೆ ಅವರು ನೋಡ್ಲೇ ಇಲ್ಲ."

ಟೀಚರ್ ಹೈಸ್ಕೂಲಿನಲ್ಲಿದ್ದಾಗಲೇ ಅವರ ತಂದೆ ತೀರಿಕೊಂಡಿದ್ದರು. ಗಂಡನಿಲ್ಲದವರು ಧಾರೆಯ ಹೊತ್ತಿಗೆ ಮಂಟಪದ ಹತ್ತಿರ ಸುಳಿಯಬಾರದು ಎಂಬುದು ಅವರ ಕುಟುಂಬದ ಕಟ್ಟುಪಾಡು. ಹೆತ್ತವರು ಎರೆಯಬೇಕಾದ ಧಾರೆಯ ನೀರನ್ನು ಸೋದರಮಾವ ಮತ್ತು ಅತ್ತೆ ಎರೆದರು.

"ನೋಡಿದ್ದೇನೆ ಅಂತ ಈಗಲೂ ಹೇಳ್ತಾರೆ ಮಾರಾಯ್ರೆ. ನನ್ನ ಸಮಾಧಾನಕ್ಕೆ ಹೇಳುವುದು. ಅಷ್ಟು ಹೊತ್ತೂ ನಾನು ಹುಡುಕಿದ್ದೇನೆ, ಎಲ್ಲಿಯೂ ಇರ್ಲಿಲ್ಲ."

ಸ್ವರದಲ್ಲಿ ಮರುಕಕ್ಕಿಂತ ಸಿಟ್ಟೇ ಹೆಚ್ಚಿತ್ತು. ಆ ಕಟ್ಟುಪಾಡಿನ ಮೇಲೋ ಅದನ್ನು ಮೀರದ ಅಮ್ಮನ ಮೇಲೋ ಎಂದು ನಾನು ಕೇಳಲಿಲ್ಲ. ಗಿರಾಕಿಗಳ ಮನೆಯ ಒಳಗಿನ ವಿಷಯ ನನಗೆ ಬೇಡ.

ಅಂಚು ಹೇಗೆ ಬಂದಿರಬಹುದೆಂದು ನೋಡಿದ ಕೂಡಲೇ ತಿಳಿಯಿತು. ಕ್ಯಾಸೆಟ್ಟಿನ ಚಿತ್ರ ಹೆಚ್ಚುಕಡಿಮೆ ಚೌಕದ್ದು. ಅದನ್ನು ಅಗಲದ ಟಿ.ವಿ.ಗೆ ಹೊಂದಿಸುವಾಗ ಒಬ್ಬ ಎಡ ಬಲಕ್ಕೆ ಕಪ್ಪು ತುಂಬಿಸಿದ್ದ. ಮತ್ತೊಬ್ಬ ಅದನ್ನು ಸಿ.ಡಿ. ಮಾಡುವಾಗ ಮೇಲೆ ಕೆಳಗೂ ತುಂಬಿಸಿದ್ದ. ಇದನ್ನು ಕತ್ತರಿಸಿ ಮತ್ತೆ ಹೊಸ ಫೈಲ್ ಮಾಡಿದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಮುಖಗಳೆಲ್ಲ ಇನ್ನಷ್ಟು ಕರಗುತ್ತವೆ. ಅದಕ್ಕೆ ನಾನು ಚಿತ್ರವನ್ನು ಮುಟ್ಟುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಎಂಬ ನಾಲ್ಕು ಅಂಕೆಗಳನ್ನು ಫೈಲಿನೊಳಗೆ ಬರೆದಿಡುತ್ತೇನೆ. ಟಿ.ವಿ. ಅಷ್ಟನ್ನೇ ತೋರಿಸುತ್ತದೆ. ಉಳಿದದ್ದು ಒಳಗೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಅಂಕೆಗಳನ್ನು ಹುಡುಕಿಕೊಡಲು ಒಂದು ಸಾಫ್ಟ್‌ವೇರ್ ಉಂಟು. ಹಳೆಯ ಕ್ಯಾಸೆಟ್ಟಿನ ಕಪ್ಪು ಪೂರ್ತಿ ಕಪ್ಪಲ್ಲ, ಅದರಲ್ಲಿ ಬೂದಿ ಎರಚಿದ ಹಾಗೆ ಚುಕ್ಕಿಗಳಿರುತ್ತವೆ. ಆದ್ದರಿಂದ ಮಬ್ಬಾಗಿ ಇರುವುದನ್ನೂ ಕಪ್ಪೆಂದೇ ಲೆಕ್ಕ ಹಿಡಿಯಲು ಹೇಳಿ ಧಾರೆಯ ಭಾಗವನ್ನು ಅದಕ್ಕೆ ಕೊಟ್ಟೆ. ಬಂದ ಉತ್ತರದಲ್ಲಿ ಎಡಬದಿಯ ಅಂಚು ಬಲಬದಿಗಿಂತ ಅಗಲವಾಗಿತ್ತು. ಎರಡೂ ಸಮವಿರಬೇಕೆಂದು ಈ ಕೆಲಸ ಮಾಡುವ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಅನಾಮಿಕ ಸ್ಟುಡಿಯೊದವನ ಮೇಲೆ ಅಷ್ಟರಲ್ಲಾಗಲೇ ತಾತ್ಸಾರ ಹುಟ್ಟಿತ್ತು. ಚಿತ್ರವನ್ನು ನಡುವೆ ಕೂಡಿಸಲಿಕ್ಕೂ ಬರುವುದಿಲ್ಲವಲ್ಲ ಇವನಿಗೆ ಎಂದು ಗೊಣಗಿಕೊಂಡು ಆ ಅಂಕೆಯನ್ನೇ ಬರೆದೆ.

ಮರುವಾರ ಟೀಚರ್ ಅಮ್ಮನನ್ನೂ ಕರೆದುಕೊಂಡು ಬಂದರು. ಸಣಕಲು ಹೆಂಗಸು. ಮೆಟ್ಟಿಲು ಹತ್ತಿ ಬಂದ ಸುಸ್ತಿಗೆ ಸ್ಟೂಲಿನ ಮೇಲೆ ಕುಳಿತರು. ಗೋಡೆಯ ಟಿ.ವಿ.ಯಲ್ಲಿ ವಿಡಿಯೊ ಹಾಕಿದೆ. ಮಂಟಪ, ಪುರೋಹಿತರು, ಜೋಡಿಸಿ ಹಿಡಿದ ಕೈಗಳು, ಮಾವನ ಕೈಯಲ್ಲಿ ಧಾರೆಯ ನೀರಿನ ಗಿಂಡಿ, ಎಲ್ಲ ದೊಡ್ಡದಾಗಿ ಕಾಣುತ್ತಿತ್ತು. ಹೊಗಳಿಕೆಗಾಗಿ ಕಾದು ನಿಂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಅಮ್ಮ ಮಗಳು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಗಿಲು ಎಲ್ಲಿ?" ಎಂದರು ಅಮ್ಮ.

"ಯಾವ ಬಾಗಿಲು?"

"ಉಗ್ರಾಣದ್ದು. ಮಂಟಪದ ಈ ಬದಿಗೆ ಇತ್ತಲ್ಲ. ನಾನು ನಿಂತದ್ದು ಅಲ್ಲಿ."

ಟೀಚರ್ ನನ್ನ ಕಡೆ ನೋಡಿದರು. ಹೇಳಿದೆನಲ್ಲ, ಇದೇ ಮಾತು ಎಂಬ ಅರ್ಥ ಆ ನೋಟದಲ್ಲಿತ್ತು. ನನಗೆ ಮಾತ್ರ ಎಡಬದಿಯ ಅಂಕೆ ನೆನಪಾಯಿತು.

"ಒಂದು ನಿಮಿಷ ಕೂತ್ಕೊಳ್ಳಿ, ನನ್ನದೇ ತಪ್ಪು," ಎಂದೆ.

ಅಂಕೆ ತೆಗೆದುಹಾಕಿದೆ. ಎಡಬದಿಯ ಕಪ್ಪು ಮೊದಲಿನಂತೆ ಬಂದು ನಿಂತಿತು. ಫೈಲನ್ನು ಮುಟ್ಟದೆ ಟಿ.ವಿ.ಯ ಬೆಳಕನ್ನಷ್ಟೇ ಏರಿಸುತ್ತ ಹೋದೆ. ಕಪ್ಪಿನ ಹೊರಗಿನ ಭಾಗ ಹಾಗೇ ಉಳಿಯಿತು. ಒಳಗಿನ ಭಾಗ ಅಂಚಲ್ಲ, ಚಿತ್ರವೇ ಆದ್ದರಿಂದ ಬೂದುಬಣ್ಣಕ್ಕೆ ತಿರುಗಿತು. ಅದರಲ್ಲಿ ಬಾಗಿಲಿನ ಚೌಕಟ್ಟು ಮೂಡಿತು, ಬಳಿಕ ಅಕ್ಕಿಮೂಟೆಗಳು, ಮೂಟೆಗೆ ತಾಗಿಕೊಂಡು ಒಬ್ಬ ಹೆಂಗಸು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಮಂಟಪವನ್ನೇ ನೋಡುತ್ತಿದ್ದರು. ಕ್ಯಾಮೆರಾದ ದೀಪವೆಲ್ಲ ಮದುಮಕ್ಕಳ ಮೇಲಿದ್ದುದರಿಂದ ಮಂಟಪದಿಂದ ನೋಡಿದವರಿಗೆ ಆ ಬಾಗಿಲು ಬರೀ ಕತ್ತಲೆ.

ಒಬ್ಬರ ಇಪ್ಪತ್ತು ವರ್ಷಗಳ ಮಾತಿಗೆ ಇದ್ದ ಒಂದೇ ಸಾಕ್ಷಿಯನ್ನು ನಾನು ಜಂಬದಲ್ಲಿ ಅಂಚೆಂದು ಬದಿಗೆ ತಳ್ಳಿದ್ದೆ. ನಾಚಿಕೆಯಾಯಿತು.

ಟಿ.ವಿ.ಯಲ್ಲಿ ಮಾವ ಗಿಂಡಿಯನ್ನು ಬಗ್ಗಿಸಿದರು. ಅದೇ ಹೊತ್ತಿಗೆ ಬಾಗಿಲಲ್ಲಿದ್ದ ಹೆಂಗಸಿನ ಬಲಗೈ ಸೊಂಟದ ಮಟ್ಟಕ್ಕೆ ಎದ್ದಿತು. ಬೆರಳುಗಳು ಏನನ್ನೋ ಹಿಡಿದಂತೆ ಮಡಚಿದ್ದವು. ಮಾವನ ಕೈ ಬಾಗಿದಷ್ಟೇ ನಿಧಾನವಾಗಿ ಆ ಬರಿಗೈಯೂ ಬಾಗಿತು. ನೀರು ಮುಗಿಯುವವರೆಗೂ ಹಾಗೇ ಬಾಗಿಕೊಂಡೇ ಇತ್ತು.

"ಇನ್ನೊಮ್ಮೆ ಹಾಕಿ," ಎಂದರು ಟೀಚರ್. ಹಾಕಿದೆ. ಮೂರನೆಯ ಸಲ ಹಾಕುವಾಗ ಅವರು ಟಿ.ವಿ. ನೋಡುತ್ತಿರಲಿಲ್ಲ, ಅಮ್ಮನ ಮಡಿಲಲ್ಲಿದ್ದ ಕೈಯನ್ನು ನೋಡುತ್ತಿದ್ದರು.

ಅಮ್ಮನಿಗೆ ಸಂಕೋಚವಾಯಿತೋ ಏನೋ, ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನಿಂತು ನೋಡಿದ್ದು ನೆನಪು ಉಂಟು," ಎಂದರು. "ಕೈ ಹಾಗೆ ಮಾಡಿದ್ದು ನನಗೆ ಗೊತ್ತೇ ಇರ್ಲಿಲ್ಲ."