ಐವತ್ತು ಕಾಯುವ ಫೋನು

ಚೌಳಹಿರಿಯೂರಿನ ಕಡೆಯಿಂದ ನಮ್ಮೂರಿಗೆ ಬರುವಾಗ ಮೊದಲು ಸಿಗುವುದು ಸೋಲಾರ್ ಹಲಗೆಗಳ ಸಾಲು, ಪಕ್ಕದಲ್ಲಿ ಬ್ಯಾಟರಿ ಶೆಡ್ಡು, ಶೆಡ್ಡಿಗೆ ಅಂಟಿಕೊಂಡು ನಮ್ಮ ಮನೆ. ಊರಿನ ಕರೆಂಟು ಹುಟ್ಟುವುದೇ ಅಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಅವರು ಹೋಗಿ ಐದು ತಿಂಗಳಾಯಿತು.

ಶೆಡ್ಡಿನ ಮೀಟರಿನಲ್ಲಿ ಯಾವಾಗಲೂ ಐವತ್ತು ನಿಂತಿರಬೇಕು. ಅದು ಕರೆಂಟಿನ ಫ್ರೀಕ್ವೆನ್ಸಿ. ನಾನು ಓದಿದ್ದು ಹತ್ತನೇ ಕ್ಲಾಸು, ನನಗೆ ತಿಳಿಯುವಂತೆ ಅವರು ಹೇಳಿದ್ದಿಷ್ಟು: "ಏರು ಬಂದ್ರೆ ಎತ್ತಿನ ಹೆಜ್ಜೆ ನಿಧಾನ ಆಗುತ್ತಲ್ಲ, ಹಂಗೇ ಕಣೇ. ಭಾರ ಒಟ್ಟಿಗೆ ಬಿದ್ರೆ ಅಂಕಿ ಇಳಿಯುತ್ತೆ. ಜಾಸ್ತಿ ಇಳಿದ್ರೆ ಮೆಷಿನ್ನು ನೊಗ ಕಳಚಿ ಕೂತ್ಬಿಡುತ್ತೆ." ಅದಕ್ಕೇ ಊರಲ್ಲೊಂದು ಪದ್ಧತಿ ಮಾಡಿದ್ದರು. ಹಿಟ್ಟಿನ ಗಿರಣಿಯಾಗಲಿ, ತೆಂಗಿನ ತೋಟದ ಮೋಟರಾಗಲಿ, ಸ್ವಿಚ್ ಒತ್ತುವ ಮೊದಲು ಅವರಿಗೊಂದು ಫೋನು. ಅವರು ಮೀಟರು ನೋಡಿ "ಹಾಕು" ಅನ್ನಬೇಕು, ಇಲ್ಲವೇ "ಕಾಯಿ" ಅನ್ನಬೇಕು. ಊಟಕ್ಕೆ ಕೂತಾಗಲೂ ಅವರು ನನ್ನ ಜೊತೆಗಿಂತ ಹೆಚ್ಚು ಮಾತಾಡಿದ್ದು ಗಿರಣಿಯವನ ಜೊತೆಗೇ.

ಅವರು ತೀರಿಕೊಂಡಾಗ ಊರಿನ ಕರೆಂಟು ಸಮಿತಿಯವರು ತರೀಕೆರೆಯಿಂದ ಫ್ಲೆಕ್ಸು ಮಾಡಿಸಿ ತಂದರು: 'ಬೆಳಕಿನ ಹರಿಕಾರ'. ಅವರ ಫೋಟೋಗಿಂತ ಸಮಿತಿಯ ಏಳು ಜನರ ಫೋಟೋ ದೊಡ್ಡದಾಗಿತ್ತು. ಶಿವಗಣಾರಾಧನೆಯ ದಿನ ಅಧ್ಯಕ್ಷರು ಮೈಕಿನಲ್ಲಿ ಅಳುತ್ತಿರುವಾಗಲೇ ಕರೆಂಟು ಹೋಯಿತು. ಮೈಕಿಲ್ಲದೆ ಅಳುವುದು ಅವರಿಗೆ ಅಭ್ಯಾಸವಿರಲಿಲ್ಲ, ಊಟಕ್ಕೆ ಎದ್ದರು.

ಆಮೇಲೆ ದಿನಾ ಬೆಳಿಗ್ಗೆ ಕರೆಂಟು ಹೋಗತೊಡಗಿತು. ಶೆಡ್ಡಿನ ಕೀಲಿ ಈಗ ಸಮಿತಿಯ ಬಳಿ. ಅವರು ಸಭೆ ಸೇರಿ ಶೆಡ್ಡಿಗೆ ನಿಂಬೆಹಣ್ಣು ಕಟ್ಟಿಸಿದರು. ಮತ್ತೆ ಸಭೆ ಸೇರಿ ಬಣ್ಣ ಹೊಡೆಸಿದರು. ಕೊನೆಗೆ ಕಡೂರಿನಿಂದ ಲ್ಯಾಪ್‌ಟಾಪ್ ಹಿಡಿದವರೊಬ್ಬರನ್ನು ಕರೆಸಿದರು. ಅವರು ಟೀ ಕುಡಿದು, "ಹಳೇ ಆಪರೇಟರ್ ಸೆಟ್ಟಿಂಗೇ ತಪ್ಪು ಮಾಡಿದ್ದಾರೆ" ಎಂದು ಹೇಳಿ ಹೋದರು. ಎಲ್ಲರಿಗೂ ನಿರಾಳವಾಯಿತು. ಸತ್ತವರು ಸಭೆಗೆ ಬಂದು ಉತ್ತರ ಕೊಡುವುದಿಲ್ಲವಲ್ಲ.

ಮಾರನೇ ದಿನ ಅಧ್ಯಕ್ಷರು ಗಿರಣಿಯವನನ್ನು ಜೊತೆಗೆ ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಠರಾವು: ದಿವಂಗತರ ತಪ್ಪಿನಿಂದ ಯಂತ್ರ ಕೆಟ್ಟಿದೆ. ಕೆಳಗೆ ಮನೆಯವರ ಸಹಿಗೆ ಜಾಗ.

"ಬರೀ ಫಾರ್ಮಾಲಿಟಿ ಕಣಮ್ಮಾ," ಅಂದರು ಅಧ್ಯಕ್ಷರು. "ಅವನ ಮೇಲೆ ಗೌರವ ಇದ್ದೇ ಇದೆ. ಫ್ಲೆಕ್ಸು ಇನ್ನೂ ಇಳಿಸಿಲ್ಲ ನೋಡು."

ಪೆನ್ನು ಹಿಡಿದೆ. ಕಾಗದದಲ್ಲಿ ಯಜಮಾನರ ಹೆಸರು ನೋಡಿ ಕೈ ನಿಂತಿತು. ಎದುರಿಗೆ ಗೂಡಿನಲ್ಲಿ ಅವರ ಫೋನು. ಅದನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದೆ, ಅಜ್ಜಂಪುರದ ತವರಿಗೆ ಹೋದಾಗಲೂ ಒಯ್ದಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ಐದು ತಿಂಗಳಲ್ಲಿ ಸಾಲ ಬೇಕಾ ಎಂದು ಕೇಳುವ ಹುಡುಗಿಯರನ್ನು ಬಿಟ್ಟರೆ ಯಾರೂ ಅದಕ್ಕೆ ಫೋನು ಮಾಡಿರಲಿಲ್ಲ. ಊರು ಇಷ್ಟು ಬೇಗ ಮರೆಯಿತೇ ಎಂದು ನನಗೆ ಸಿಟ್ಟಿತ್ತು.

"ಗಿರಣಿ ಹಾಕೋವಾಗ ಈಗ ಯಾರ್ನ ಕೇಳ್ತೀಯಪ್ಪಾ?" ಎಂದೆ.

ಗಿರಣಿಯವನು ತನ್ನ ಚಪ್ಪಲಿ ನೋಡಿಕೊಂಡ. "ಯಾರ್ನ ಕೇಳಾನ ಅಕ್ಕಾ? ಹೋದೋರ ನಂಬರಿಗೆ ಫೋನ್ ಹೊಡೆಯೋಕೆ ಮನಸ್ಸು ಬರುತ್ತಾ? ಬೇರೆಯೋರ್ನ ಕೇಳಿದ್ರೆ ಅಣ್ಣಂಗೆ ಅವಮಾನ ಮಾಡ್ದಂಗೆ. ಅದ್ಕೇ ಎಲ್ಲಾರೂ ಸುಮ್ನೆ ಹಾಕ್ತೀವಿ."

"ಯಾವಾಗ?"

"ಬಿಸಿಲು ಏರ್ತಿದ್ದಂಗೆ. ಎಂಟು ಗಂಟೆಗೆ."

"ಎಲ್ಲಾರೂ ಒಟ್ಟಿಗೇ?"

"ಒಟ್ಟಿಗೇ ಕಣಕ್ಕಾ."

ಊರಿಗೆ ಊರೇ ಗೌರವದಿಂದ ಮೆಷಿನ್ನನ್ನು ಮಲಗಿಸುತ್ತಿತ್ತು. ನನಗೆ ನಗು ಬಂತು, ಐದು ತಿಂಗಳಲ್ಲಿ ಮೊದಲ ಸಲ. ಅದರ ಹಿಂದೆಯೇ ಅಳು. ಸಹಿ ಹಾಕದೆ ಕಾಗದ ವಾಪಸು ಕೊಟ್ಟೆ.

"ಶೆಡ್ಡಿನ ಕೀಲಿ ಕೊಡಿ. ನಾಳೆಯಿಂದ ಎಲ್ಲಾರೂ ಅದೇ ನಂಬರಿಗೆ ಮಾಡ್ಲಿ. ನಾನಿರ್ತೀನಿ."

"ನಿಂಗೆ ಟೆಕ್ನಿಕಲ್ ಏನು ಗೊತ್ತಮ್ಮಾ?"

"ಐವತ್ತು ಗೊತ್ತು."

ಕೀಲಿ ನನ್ನ ಕೈಗೆ ಬಂದ ಮೇಲೆ ಕರೆಂಟು ಹೋಗಿಲ್ಲ. ಸಮಿತಿಯ ಅವಿರತ ಶ್ರಮದಿಂದ ದೋಷ ಸರಿಯಾಯಿತೆಂದು ಹೊಸ ಠರಾವು ಆಗಿದೆಯಂತೆ. ಆಗಲಿ. ಅದರಲ್ಲಿ ಯಜಮಾನರ ಹೆಸರಿಲ್ಲ, ಅಷ್ಟು ಸಾಕು.

ಇವತ್ತು ಬೆಳಿಗ್ಗೆ ಗಿರಣಿಯವನ ಫೋನು ಬಂದಾಗ ತೋಟದ ಮೋಟರು ಆಗಷ್ಟೇ ಶುರುವಾಗಿತ್ತು. ಮೀಟರು ನಲವತ್ತೊಂಬತ್ತೂವರೆ.

"ಕಾಯಿ," ಎಂದೆ.

"ಅಣ್ಣನೂ ಹಿಂಗೇ ಕಾಯಿಸ್ತಿದ್ದ ಕಣಕ್ಕಾ," ಎಂದು ಗೊಣಗಿದ.

ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಅಂಕಿ ಐವತ್ತಕ್ಕೆ ಬರುವವರೆಗೂ ಮೀಟರು ನೋಡುತ್ತ ನಿಂತೆ. ಆಮೇಲೆ "ಹಾಕು" ಎಂದೆ.