ಡೆಲ್ಮರನ ಕೈಗೆ ಬಂದ ನಾಯಿಗೂಡು

ಬೇಕರ್ಸ್ ಫೋರ್ಕ್ ಎಂಬ ಬೆಟ್ಟದೂರಿನ ಡೆಲ್ಮರ್ ಇಪ್ಪತ್ತಾರು ವರ್ಷ ಬಾಸ್ ಗಿಟಾರ್ ಬಾರಿಸಿದ್ದ. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬನೂ ಹತ್ತಿರ ಬಂದು ‘ಚೆನ್ನಾಗಿತ್ತು ಕಣೋ’ ಎಂದಿದ್ದಿಲ್ಲ. ಅದಕ್ಕೆ ಅವನು ಬೇಸರ ಮಾಡಿಕೊಂಡವನೂ ಅಲ್ಲ. ಹಗಲು ಸ್ಕೂಲ್ ಬಸ್ಸು ಓಡಿಸುವವನು; ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಡ್ರೈವರನ್ನು ಯಾರೂ ಹೊಗಳುವುದಿಲ್ಲ ಎಂಬುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಶನಿವಾರ ಸಂಜೆ ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲಿ ಕುಣಿತದ ಬ್ಯಾಂಡಿನ ಹಿಂದೆ, ಸ್ಪೀಕರ್ ಡಬ್ಬಕ್ಕೆ ಬೆನ್ನು ಕೊಟ್ಟು, ಗಿಟಾರನ್ನು ಪಟ್ಟಿಯಿಂದ ಕೊರಳಿಗೆ ನೇತುಹಾಕಿಕೊಂಡು ಆರಾಮಾಗಿ ನಿಲ್ಲುತ್ತಿದ್ದ. ಸದ್ದು ಸಾಲದಿದ್ದರೆ ಕಿರುಬೆರಳಲ್ಲಿ ಒಂದು ಗುಂಡಿ ತಿರುಗಿಸಿದರೆ ಆಯಿತು.

ಆ ಬ್ಯಾಂಡಿನ ಡ್ರಮ್ಮಿನವನು ಎರಡೂ ಮಂಡಿ ಬದಲಾಯಿಸಿಕೊಂಡು ಮಗಳ ಮನೆ ಸೇರಿದ ಮೇಲೆ ಬ್ಯಾಂಡು ಮುಚ್ಚಿತು. ಡೆಲ್ಮರ್ ಎರಡು ತಿಂಗಳು ಶನಿವಾರ ಸಂಜೆ ಮನೆಯಲ್ಲೇ ಕೂತು ಫ್ರಿಜ್ಜಿನ ಬಾಗಿಲು ತೆಗೆಯುವುದು, ಹಾಕುವುದು ಮಾಡಿದ. ಹೆಂಡತಿ ರೊವೀನಾಗೆ ಸಾಕುಸಾಕಾಯಿತು. ಅವಳೇ ಬ್ಯಾಂಜೋ ಬಾರಿಸುವ ಆರ್ಬಿನ್‌ಗೆ ಫೋನು ಮಾಡಿ, "ಇವನನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗಪ್ಪ, ನಿನಗೆ ಪುಣ್ಯ ಬರುತ್ತೆ" ಎಂದಳು.

ಆರ್ಬಿನ್ ಗಣಿಯಿಂದ ನಿವೃತ್ತನಾದವನು. ಬೆಟ್ಟಸೀಮೆಯ ಹಳೇ ಧಾಟಿಯ ಹಾಡು ಬಾರಿಸುವ ಅವನ ಬ್ಲೂಗ್ರಾಸ್ ಗುಂಪಿನಲ್ಲಿ ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರು, ಎಲ್ಲ ಇದ್ದವು. ಬಾಸ್ ಬಾರಿಸುತ್ತಿದ್ದ ಥರ್ಮನ್ ಮಾತ್ರ ಹಿಂದಿನ ವರ್ಷ ತೀರಿಕೊಂಡಿದ್ದ.

"ಬಾ, ಸೇರ್ಕೋ," ಎಂದ ಆರ್ಬಿನ್. "ಆದ್ರೆ ಆ ಹಲಗೆ ಮನೇಲೇ ಬಿಟ್ಟು ಬಾ. ಕರೆಂಟಿಗೆ ಸಿಕ್ಕಿಸೋ ವಾದ್ಯ ನಮ್ಮಲ್ಲಿ ನಡೆಯಲ್ಲ. ನಮಗೆ ಬೇಕಾಗಿರೋದು ನಾಯಿಗೂಡು."

ನಾಯಿಗೂಡು ಎಂದರೆ ಡಬಲ್ ಬಾಸ್. ಆಳಿಗಿಂತ ಎತ್ತರದ ಆ ಪಿಟೀಲಿನ ಹೊಟ್ಟೆಯೊಳಗೆ ಒಂದು ನಾಯಿ ಸಂಸಾರ ಹೂಡಬಹುದಾದ್ದರಿಂದ ಬೆಟ್ಟದವರು ಅದನ್ನು ಹಾಗೆಯೇ ಕರೆಯುತ್ತಿದ್ದರು. ಸುತ್ತ ಮೂವತ್ತು ಮೈಲಿಗೆ ಇದ್ದದ್ದು ಒಂದೇ, ಥರ್ಮನನದು. ಅದು ಅವನ ಹೆಂಡತಿ ಮಿಂಟಿಯಮ್ಮನ ನಡುಮನೆಯ ಮೂಲೆಯಲ್ಲಿ, ತಲೆಗೆ ಥರ್ಮನನ ಹ್ಯಾಟು ಹಾಕಿಕೊಂಡು ನಿಂತಿತ್ತು.

ಮಿಂಟಿಯಮ್ಮ ಊರಿಗೆಲ್ಲ ಬೇಕಾದ ಹೆಂಗಸು. ನಲವತ್ತು ವರ್ಷ, ಥರ್ಮನ್ ಎಲ್ಲಿ ಬಾರಿಸಿದರೂ, ಅವನ ಕಾಲಬಳಿ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು, ಉದ್ದ ಲಂಗ ಹರಡಿಕೊಂಡು ಕೂರುತ್ತಿದ್ದಳು. ಒಂದು ಹಾಡೂ ತಪ್ಪಿಸಿದವಳಲ್ಲ. ಪಾದ್ರಿಗಳು ಇದನ್ನು ಎರಡು ಮದುವೆಗಳಲ್ಲಿ ಉದಾಹರಣೆ ಕೊಟ್ಟು ಮಾತಾಡಿದ್ದರು. ಡೆಲ್ಮರ್ ಕೂಡ ಜಗಳ ಬಂದಾಗಲೆಲ್ಲ ರೊವೀನಾಗೆ, "ಮಿಂಟಿಯಮ್ಮನ್ನ ನೋಡಿ ಕಲಿ. ಇಪ್ಪತ್ತಾರು ವರ್ಷದಲ್ಲಿ ನೀನು ಒಂದು ದಿನ ನನ್ನ ಕಾಲಬಳಿ ಕೂತಿದೀಯಾ?" ಎನ್ನುತ್ತಿದ್ದ. ರೊವೀನಾ, "ಮೊದಲು ಆ ಸಾಕ್ಸು ಒಗೆಯೋಕೆ ಹಾಕು, ಆಮೇಲೆ ಯೋಚನೆ ಮಾಡ್ತೀನಿ" ಎನ್ನುತ್ತಿದ್ದಳು.

ಡೆಲ್ಮರ್ ಹೋಗಿ ತನ್ನ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ಮಿಂಟಿಯಮ್ಮನ ಮುಂದೆ ನಿಂತ. ಅವಳು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಹೆದ್ದಾರಿ ಪಕ್ಕದ ಹೋಟ್ಲಿನವನು ಮೂರು ಸಲ ಬಂದು ಹೋದ," ಎಂದಳು. "ಗೋಡೆಗೆ ತೂಗುಹಾಕಿ ಸುತ್ತ ಬಣ್ಣದ ಲೈಟು ಬಿಡ್ತಾನಂತೆ. ಕೆಳಗೆ ಕೂತು ಜನ ಕೋಳಿ ತಿಂತಾರಂತೆ."

"ಅಯ್ಯೋ, ಬೇಡಿ ಮಿಂಟಿಯಮ್ಮ."

"ಬೇಡ ಅಂತ ನನಗೂ ಗೊತ್ತು. ಆದ್ರೆ ಮೂಲೇಲಿ ಮೂಕಾಗಿ ನಿಂತಿರೋದನ್ನ ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತೆ. ತಗೊಂಡು ಹೋಗು. ಮೂರು ತಿಂಗಳು ಟೈಮು. ಮೇ ತಿಂಗಳ ಮೊದಲನೇ ಶನಿವಾರ ಅಗ್ನಿಶಾಮಕ ಠಾಣೇಲಿ ಊರಿಗೆಲ್ಲ ಪ್ಯಾನ್‌ಕೇಕ್ ತಿಂಡಿ ಇರುತ್ತಲ್ಲ, ಅಲ್ಲಿ ಬಾರಿಸು, ಕೇಳ್ತೀನಿ. ಅದು ಬಾಯಿ ಬಿಟ್ರೆ ನಿನ್ನದು. ಇಲ್ಲಾಂದ್ರೆ ಹೋಟ್ಲಿನವನು ಅಲ್ಲಿಂದಲೇ ಎತ್ಕೊಂಡು ಹೋಗ್ಲಿ. ಲಾರಿ ತರೋಕೆ ಹೇಳಿರ್ತೀನಿ."

ಬಾಸ್ ಮನೆಗೆ ಬಂದದ್ದೇ ಒಂದು ಮೆರವಣಿಗೆ. ವ್ಯಾನಿನ ಮುಂದಿನ ಸೀಟು ಮಲಗಿಸಿ, ಡೆಲ್ಮರ್ ಬಾಸಿನ ಕುತ್ತಿಗೆಗೆ ಸೀಟ್‌ಬೆಲ್ಟು ಹಾಕಿದ. ರೊವೀನಾ ಹಿಂದಿನ ಮೂಲೆಯಲ್ಲಿ ಮುದುಡಿಕೊಂಡು, ದಾರಿಯುದ್ದಕ್ಕೂ, "ಮದುವೆಯಾದ ದಿನಾನೂ ನೀನು ನನಗೆ ಬೆಲ್ಟು ಹಾಕಿರಲಿಲ್ಲ" ಎಂದು ಹೇಳುತ್ತ ಬಂದಳು.

ಇನ್ನು ಬಾರಿಸುವುದು. ಎರಡಕ್ಕೂ ತಂತಿ ನಾಲ್ಕೇ, ಶ್ರುತಿಯೂ ಒಂದೇ, ಅದರಲ್ಲೇನು ಎಂದುಕೊಂಡಿದ್ದ ಡೆಲ್ಮರನಿಗೆ ಮೊದಲ ವಾರವೇ ನೀರಿಳಿಯಿತು. ಗಿಟಾರಿನ ಕುತ್ತಿಗೆಯ ಮೇಲೆ ಮೆಟ್ಟುಗಳಿರುತ್ತವೆ. ಬೆರಳು ಹೆಚ್ಚುಕಡಿಮೆ ಬಿದ್ದರೂ ಸ್ವರ ಸರಿಯಾಗಿಯೇ ಬರುತ್ತದೆ. ಇಲ್ಲಿ ಬರೀ ನುಣ್ಣನೆಯ ಮರ. ಬೆರಳು ಕೂದಲೆಳೆ ಆಚೀಚೆಯಾದರೆ ಸ್ವರ ಪಕ್ಕದ ಮನೆಗೆ ಹೋಗಿರುತ್ತದೆ. ತಂತಿಯೋ, ಬಟ್ಟೆ ಒಣಹಾಕುವ ಹಗ್ಗದಷ್ಟು ದಪ್ಪ. ಹತ್ತು ದಿನಕ್ಕೆ ಎರಡು ಬೆರಳಲ್ಲಿ ಬೊಬ್ಬೆ ಬಂದು, ಒಡೆದು, ಅವನು ಬಸ್ಸಿನ ಸ್ಟೀರಿಂಗನ್ನು ಅಂಗೈಯಲ್ಲೇ ತಿರುಗಿಸಬೇಕಾಯಿತು. ಸದ್ದು ಸಾಲದಾದಾಗ ಇಲ್ಲದ ಗುಂಡಿಗಾಗಿ ಕಿರುಬೆರಳು ಮರದ ಮೇಲೆ ತಡಕಾಡುತ್ತಿತ್ತು. ಸದ್ದು ಬೇಕೆಂದರೆ ಎಳೆಯಬೇಕು, ಎಳೆಯುವುದಕ್ಕೆ ತೋಳು ಬೇಕು.

ಕೊನೆಗೆ ಅವನೊಂದು ಉಪಾಯ ಮಾಡಿದ. ರೊವೀನಾಳ ಬಿಳಿ ಉಗುರುಬಣ್ಣದಲ್ಲಿ, ಕುತ್ತಿಗೆಯ ಪಕ್ಕದಲ್ಲಿ, ತನಗೆ ಮಾತ್ರ ಕಾಣುವ ಹಾಗೆ ಹನ್ನೊಂದು ಚುಕ್ಕೆ ಇಟ್ಟ. ಆಮೇಲೆ ಎಲ್ಲ ಸಲೀಸಾಯಿತು. ಕಾರ್ಪೆಟ್ ಹಾಸಿದ ಕೋಣೆಯಲ್ಲಿ ಮನೆಯ ಅಭ್ಯಾಸ, ಆರ್ಬಿನನ ಕೊಟ್ಟಿಗೆಯ ಮಣ್ಣುನೆಲದಲ್ಲಿ ಗುಂಪಿನ ಅಭ್ಯಾಸ. ಬಾಸಿನ ತಳದ ಕಬ್ಬಿಣದ ಮೊಳೆ ಎರಡೂ ಕಡೆ ಚೆನ್ನಾಗಿ ಊರಿಕೊಳ್ಳುತ್ತಿತ್ತು. ಆರ್ಬಿನ್ ಕೂಡ, "ಪರವಾಗಿಲ್ಲ ಕಣೋ, ಸತ್ತ ಕೋಣದ ಥರ ಇದ್ದದ್ದು ಈಗ ಉಸಿರಾಡ್ತಿದೆ" ಎಂದ. ಆರ್ಬಿನನ ಬಾಯಲ್ಲಿ ಅದೇ ದೊಡ್ಡ ಬಿರುದು.

ಮೇ ತಿಂಗಳ ಶನಿವಾರ ಬಂತು. ಬೆಳಿಗ್ಗೆ ಏಳಕ್ಕೆ ಅಗ್ನಿಶಾಮಕದ ಎರಡು ಗಾಡಿಗಳನ್ನೂ ಹೊರಗೆ ನಿಲ್ಲಿಸಿ, ಒಳಗೆ ಉದ್ದುದ್ದ ಮೇಜು ಹಾಕಿದ್ದರು. ಪ್ಯಾನ್‌ಕೇಕು, ಹಂದಿಮಾಂಸದ ಸಾಸೇಜು, ಮೆತ್ತನೆಯ ಬನ್ನಿನಂಥ ಬಿಸ್ಕೆಟ್ಟಿನ ಮೇಲೆ ಗ್ರೇವಿ, ದೊಡ್ಡ ಕೊಳಗದಲ್ಲಿ ಕಾಫಿ. ಇನ್ನೂರು ಜನ. ಹೊರಗೆ ಹೋಟೆಲಿನವನ ಲಾರಿ ನಿಂತಿತ್ತು. ಅದರೊಳಗೆ ಬಾಸಿಗೆ ಹೊದಿಸಲೆಂದು ಅಚ್ಚುಕಟ್ಟಾಗಿ ಮಡಿಸಿಟ್ಟ ಎರಡು ಕಂಬಳಿಗಳು ಡೆಲ್ಮರನ ಕಣ್ಣಿಗೆ ಬಿದ್ದವು. ಮೂರು ತಿಂಗಳ ಹಿಂದೆ ಆ ಬಾಸು ಅವನಿಗೆ ಬರೀ ಒಂದು ವಾದ್ಯವಾಗಿತ್ತು. ಈಗ ಅದನ್ನು ಯಾರಾದರೂ ಗೋಡೆಗೆ ತೂಗುಹಾಕುತ್ತಾರೆಂದರೆ ತನ್ನನ್ನೇ ತೂಗುಹಾಕಿದಂತೆ ಅನ್ನಿಸುತ್ತಿತ್ತು.

ಹಾಡು ಶುರುವಾಗುವ ಮುಂಚೆ ಮಿಂಟಿಯಮ್ಮ ಬಾಸನ್ನು ನೋಡಲು ಬಂದಳು. ಕುತ್ತಿಗೆಯ ಮೇಲೆ ಕೈಯಾಡಿಸಿದಳು. ಕನ್ನಡಕ ಏರಿಸಿದಳು.

"ಇದೇನೋ ಇದು? ಹಕ್ಕಿ ಹಿಕ್ಕೆ?"

"ಅದು... ಅದು ಹಾಗೇ ಇರ್ಲಿ ಮಿಂಟಿಯಮ್ಮ..."

"ಥೂ, ಗಲೀಜು. ಕೊಟ್ಟಿಗೇಲಿ ಇಟ್ರೆ ಇನ್ನೇನಾಗುತ್ತೆ?" ಎಂದು ಅವಳು ಉಗುರಲ್ಲಿ ಕೆರೆದು, ಕರವಸ್ತ್ರದ ತುದಿಗೆ ಎಂಜಲು ಹಚ್ಚಿ, ಹನ್ನೊಂದು ಚುಕ್ಕೆಗಳನ್ನೂ ಒಂದೊಂದಾಗಿ ಒರೆಸಿ ಹಾಕಿದಳು. ಡೆಲ್ಮರ್ ಪಕ್ಕದಲ್ಲಿ ನಿಂತು ನೋಡಿದ. ಹೇಳಿದರೆ ಕಳ್ಳತನ ಬಯಲು. ಹೇಳದಿದ್ದರೆ ಬಾಸು ಲಾರಿಗೆ.

ಮೈಕು ಒಂದೇ, ಅದೂ ಠಾಣೆಯದು. ಎಲ್ಲರೂ ಅದರ ಸುತ್ತ ನಿಂತು, ಸರದಿ ಬಂದವರು ಮುಂದೆ ಸರಿಯುವುದು, ಮುಗಿದವರು ಹಿಂದೆ ಸರಿಯುವುದು ಆ ಗುಂಪಿನ ಪದ್ಧತಿ. ಬಾಸಿನವನು ಮಾತ್ರ ಹಿಂದೆ, ನಿಂತ ಕಡೆಯೇ ನಿಲ್ಲಬೇಕು. ಆರ್ಬಿನ್ ಕಾಲು ತಟ್ಟಿ ತಾಳ ಎಣಿಸಿದ. ಡೆಲ್ಮರ್ ಕಣ್ಣು ಮುಚ್ಚಿ ಮೊದಲ ತಂತಿ ಎಳೆದ.

ಸ್ವರ ಸರಿಯಾಗಿಯೇ ಬಂತು. ಎರಡನೆಯದೂ ಬಂತು. ಚುಕ್ಕೆ ಹೋದರೂ ಬೆರಳಿಗೆ ದಾರಿ ನೆನಪಿತ್ತು. ಅವನಿಗೇ ಆಶ್ಚರ್ಯವಾಗಿ ಕಣ್ಣು ಬಿಟ್ಟ. ಬಿಟ್ಟು ನೋಡುತ್ತಾನೆ, ಬಾಸು ಅವನಿಂದ ಒಂದು ಗೇಣು ದೂರ ಹೋಗಿದೆ. ಠಾಣೆಯ ನೆಲ ಬಣ್ಣ ಬಳಿದ ಸಿಮೆಂಟು, ಹಿಂದಿನ ದಿನವಷ್ಟೇ ಸೋಪು ಹಾಕಿ ತೊಳೆದದ್ದು. ಮೊಳೆ ಅದರ ಮೇಲೆ ಜಾರುತ್ತಿತ್ತು. ಎಳೆದು ಹತ್ತಿರ ತಂದುಕೊಂಡ. ಅದು ಮತ್ತೆ ಹೊರಟಿತು. ಇವನು ಹಿಂದೆಯೇ ಹೋದ. ಹೀಗೆ ಎರಡು ಚರಣ ಮುಗಿಯುವಷ್ಟರಲ್ಲಿ ಬಾಸು ಮುಂದೆ, ಇವನು ಹಿಂದೆ, ಮ್ಯಾಂಡೊಲಿನ್ನಿನವನ ಬೆನ್ನಿಗೆ ಬಂದು ಮುಟ್ಟಿದ್ದರು.

"ಎಲ್ಲಿಗೋ ಹೊರಟೆ?" ಎಂದು ಆರ್ಬಿನ್ ಹಲ್ಲು ಕಚ್ಚಿಕೊಂಡೇ ಕೇಳಿದ.

"ನಾನಲ್ಲ, ಇದು!"

ಅಷ್ಟರಲ್ಲಿ ಪಲ್ಲವಿ ಬಂತು. ಪಲ್ಲವಿಗೆ ಡೆಲ್ಮರ್ ಕೆಳದನಿ ಸೇರಿಸಬೇಕು. ಗಾಬರಿಯಲ್ಲಿ ಇಪ್ಪತ್ತಾರು ವರ್ಷದ ಅಭ್ಯಾಸ ತಾನಾಗಿ ಎದ್ದು ಬಂತು. ಕುಣಿತದ ಬ್ಯಾಂಡಿನಲ್ಲಿ ಮಾಡುತ್ತಿದ್ದ ಹಾಗೆ ಕೈ ಬಿಟ್ಟು, ಎರಡು ಹೆಜ್ಜೆ ಮುಂದಿಟ್ಟು, ಮೈಕಿಗೆ ಬಾಯಿ ಕೊಟ್ಟ. ಕೊರಳಲ್ಲಿ ಪಟ್ಟಿಯಿಲ್ಲ ಎನ್ನುವುದು ನೆನಪಾದದ್ದು ಹಿಂದೆ ‘ಧೋಂ’ ಎಂದಾಗಲೇ. ಬಾಸು ಪಿಟೀಲಿನವಳನ್ನು ತಪ್ಪಿಸಿ, ಆರ್ಬಿನನ ಬೆನ್ನ ಮೇಲೆ ಒರಗಿ, ಅವನ ಹೆಗಲ ಮೇಲಿಂದ ತಲೆ ಚಾಚಿ ಮೈಕಿನ ಹತ್ತಿರ ಬಂದು ನಿಂತಿತ್ತು. ಆರ್ಬಿನ್ ಬಗ್ಗಿದ್ದಲ್ಲಿಂದಲೇ ಬ್ಯಾಂಜೋ ನಿಲ್ಲಿಸದೆ ಬಾರಿಸುತ್ತಿದ್ದ. ಇನ್ನೂರು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಒಬ್ಬನ ಮೂಗಿಂದ ಕಾಫಿ ಬಂತು. ಹೋಟೆಲಿನವನು ಮೆಲ್ಲಗೆ ಎದ್ದು ಲಾರಿಯ ಬೀಗದ ಕೈ ತೆಗೆದ.

ಮುಂದಿನ ಮೇಜಿನಿಂದ ಮಿಂಟಿಯಮ್ಮನೂ ಎದ್ದಳು.

ಮುಗಿಯಿತು ಎಂದುಕೊಂಡ ಡೆಲ್ಮರ್. ಬಾಸನ್ನು ಎತ್ತಿ ನಿಲ್ಲಿಸಿ, ಅಪ್ಪಿ ಹಿಡಿದುಕೊಂಡು ನಿಂತ. ಮಿಂಟಿಯಮ್ಮ ಮಡಚುವ ಕುರ್ಚಿಯೊಂದನ್ನು ಕರಕರ ಎಳೆದುಕೊಂಡು ಬಂದು, ಅವನ ಕಾಲಬಳಿ ಹಾಕಿ, ಕೂತಳು. ಲಂಗ ಸರಿಸಿದಳು. ಎಡಗಾಲಿನ ಬೂಟನ್ನು ಅಡ್ಡಕ್ಕೆ ತಿರುಗಿಸಿ ಮೊಳೆಯ ಮುಂದೆ ಇಟ್ಟಳು. ಬೂಟಿನ ಅಂಚಿನಲ್ಲಿ ಒಂದು ಗುಳಿ ಇತ್ತು. ಮೊಳೆ ಹೋಗಿ ಅದರಲ್ಲಿ ಸರಿಯಾಗಿ ಕೂತಿತು.

"ಬಾರಿಸು," ಎಂದಳು.

ಡೆಲ್ಮರ್ ಬೂಟನ್ನು ನೋಡಿದ, ಅವಳನ್ನು ನೋಡಿದ. "ಮಿಂಟಿಯಮ್ಮ, ಅಂದ್ರೆ ನಲವತ್ತು ವರ್ಷ ನೀವು..."

"ಮತ್ತಿನ್ನೇನು? ಅವನ ಮುಖ ನೋಡ್ತಾ ಕೂತಿದ್ದೆ ಅಂದ್ಕೊಂಡ್ಯಾ? ಮೊಳೆಗೊಂದು ರಬ್ಬರು ತಂದು ಹಾಕೋ ಅಂತ ಮದುವೆಯಾದ ವರ್ಷ ಹೇಳಿದ್ದೆ. ನಾಳೆ ತರ್ತೀನಿ ಅಂದ. ಹದಿನಾರು ಜೊತೆ ಬೂಟು ಹೋಯ್ತು. ಬಾರಿಸೋ, ಆರ್ಬಿನ್ ಕಾಯ್ತಿದಾನೆ."

ಮಗ್ಗುಲ ಮೇಜಿನಲ್ಲಿ ರೊವೀನಾ ಪ್ಯಾನ್‌ಕೇಕಿನ ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, "ಡೆಲ್ಮರ್! ಇನ್ನೊಂದು ಸಲ ಹೇಳು ನೋಡೋಣ, ಯಾರನ್ನ ನೋಡಿ ಏನು ಕಲೀಬೇಕು?" ಎಂದು ಕೂಗಿದಳು. ಪಾದ್ರಿಗಳು ತಮ್ಮ ತಟ್ಟೆಯನ್ನೇ ನೋಡಿಕೊಂಡು ತಿನ್ನುತ್ತಿದ್ದರು.

ಡೆಲ್ಮರ್ ಬಾರಿಸಿದ. ಬಾಸು ಇಂಚೂ ಅಲುಗಲಿಲ್ಲ. ಈಗ ಅವನು ತೋಳು ಪೂರ್ತಿ ಹಾಕಿ ಎಳೆಯಬಹುದಾಗಿತ್ತು, ಎಳೆದ. ಸದ್ದು ಮರದಿಂದ ಹೊರಟು, ಮೊಳೆಯಿಂದಿಳಿದು, ನೆಲದ ಮೂಲಕ ಮೇಜಿನ ಕಾಲುಗಳಿಗೆ ಹತ್ತಿತು. ಕಾಫಿಯ ಲೋಟಗಳು ಸಣ್ಣಗೆ ನಡುಗಿದವು. ನಡುನಡುವೆ ಒಂದೆರಡು ಸ್ವರ ಪಕ್ಕದ ಮನೆಗೆ ಹೋಗಿಬಂದವು, ಅದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಜನ ಮಾತ್ರ ತಿನ್ನುವುದನ್ನೂ ಮಾತಾಡುವುದನ್ನೂ ಮುಂದುವರಿಸಿ, ಮೇಜಿನಡಿ ತಮಗೆ ಗೊತ್ತಿಲ್ಲದೆಯೇ ಕಾಲು ತಟ್ಟುತ್ತಿದ್ದರು. ಮಿಂಟಿಯಮ್ಮ ಯಾರನ್ನೂ ನೋಡಲಿಲ್ಲ. ತಲೆ ತಗ್ಗಿಸಿ ಬೂಟಿನ ಕಡೆಗೇ ನೋಡುತ್ತ ಹನ್ನೆರಡು ಹಾಡೂ ಕೂತಿದ್ದಳು.

ಮುಗಿದ ಮೇಲೆ ಹೋಟೆಲಿನವನು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಲಾರಿ ಹಿಂದಕ್ಕೆ ತಗೊಳ್ಳಲಾ ಮಿಂಟಿಯಮ್ಮ?"

"ತಗೊಳ್ಳಪ್ಪ. ತಗೊಂಡು ಹಾಗೇ ಮನೆಗೆ ಹೋಗು."

ಡೆಲ್ಮರ್ ಮೊಳೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. "ನಾಳೇನೇ ಹೋಗಿ ಮೊಳೆಗೆ ರಬ್ಬರು ತಂದು ಹಾಕ್ತೀನಿ ಮಿಂಟಿಯಮ್ಮ. ನಿಮಗೆ ತೊಂದರೆ ಬೇಡ" ಎಂದ.

ಮಿಂಟಿಯಮ್ಮ ಬಗ್ಗಿ ಬೂಟಿನ ಗುಳಿಯನ್ನು ಹೆಬ್ಬೆರಳಲ್ಲಿ ಸವರಿದಳು.

"ಹದಿನಾಲ್ಕು ತಿಂಗಳಿಂದ ಈ ಕಾಲಿಗೆ ಕೆಲಸ ಇರಲಿಲ್ಲ ಕಣೋ," ಎಂದಳು. "ನೀನು ರಬ್ಬರು ತಂದ್ರೆ ನಾಯಿಗೂಡು ವಾಪಸ್ಸು ತಗೋತೀನಿ, ನೋಡ್ಕೋ."

ಜೂನ್ ತಿಂಗಳ ಮೊದಲ ಶನಿವಾರ, ಬಾರಿಸಲು ಹೊರಟ ವ್ಯಾನಿನ ಮುಂದಿನ ಸೀಟಿನಲ್ಲಿ ಬಾಸು ಬೆಲ್ಟು ಹಾಕಿಕೊಂಡು ಕೂತಿತ್ತು. ಹಿಂದಿನ ಮೂಲೆಯಲ್ಲಿ ರೊವೀನಾ, ಅವಳ ಮಗ್ಗುಲಿಗೆ ತೊಡೆಯ ಮೇಲೆ ಹೊಸ ಬೂಟಿನ ಡಬ್ಬ ಇಟ್ಟುಕೊಂಡು ಮಿಂಟಿಯಮ್ಮ.