ಒಂದೇ ಚಾದರದ ಎರಡು ತುದಿ

ಇಸ್ತ್ರಿಯಕ್ಕನೂ ಗಿಣಿಯೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಮಾತು ಬಿಟ್ಟವರು ಬೇರೆ ಬೇರೆ ಬೀದಿ ಹಿಡಿದು ನಡೆಯಬಹುದು. ಇವರಿಗೆ ಆ ಭಾಗ್ಯವೂ ಇರಲಿಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಬ್ಬರಿಗೂ ಒಂದೇ ಇಸ್ತ್ರಿ ಮೆಷಿನ್ನು. ಒದ್ದೆ ಚಾದರದ ಒಂದು ತುದಿ ಇವಳು ಹಿಡಿಯಬೇಕು, ಇನ್ನೊಂದು ತುದಿ ಅವಳು. ಇಬ್ಬರೂ ಒಂದೇ ಉಸಿರಿಗೆ ಅದನ್ನು ಕಾದ ರೋಲರಿನ ಬಾಯಿಗೆ ಕೊಡಬೇಕು. ಒಂದು ಕೈ ಹಿಂದಾದರೆ ಚಾದರ ಸೊಟ್ಟಗೆ ಹೋಗಿ, ಮುದ್ದೆಯಾಗಿ, ರೋಲರಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಇಸ್ತ್ರಿಯಕ್ಕನ ಕೈಯಿಂದ ಒಂದೇ ಒಂದು ಚಾದರ ಹಾಗೆ ಹೋಗಿರಲಿಲ್ಲ.

ಜಗಳಕ್ಕೆ ಕಾರಣ ಗಿಣಿಯ ಬಾಯಿ. ಮಡಿಸುವ ಕೋಣೆಯ ಮೇಲುಸ್ತುವಾರಿ ಕೆಲಸ ಖಾಲಿಯಾದಾಗ ಅದು ಇಸ್ತ್ರಿಯಕ್ಕನಿಗೇ ಎಂದು ಎಲ್ಲರೂ ತಿಳಿದಿದ್ದರು. ಗಿಣಿ ಮೇಸ್ತ್ರಿಯ ಮುಂದೆ, ಪಾಪ, ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲಿಕ್ಕೂ ಆಗುವುದಿಲ್ಲ ಎಂದು ಕನಿಕರದಿಂದಲೇ ಅಂದುಬಿಟ್ಟಳು. ಮಡಿಸುವ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಕೆಲಸ ಬೇರೆಯವಳ ಪಾಲಾಯಿತು. ಇಸ್ತ್ರಿಯಕ್ಕ ಆಡಬಾರದ್ದನ್ನೆಲ್ಲ ಆಡಿದಳು. ಗಿಣಿ ಕೇಳುವಷ್ಟು ಕೇಳಿ, ಅಕ್ಕ ತನ್ನ ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ದಾರವನ್ನು ಕಿತ್ತು ಒಗೆಯುವ ತೊಟ್ಟಿಗೆ ಎಸೆದಳು.

ಆ ದಾರದ ವಿಷಯ ಹೇಳಬೇಕು. ಪ್ರೇಮಿಗಳ ದಿನ ಬಂದರೆ ಊರಿಗೆಲ್ಲ ಸಂಭ್ರಮ, ಲಾಂಡ್ರಿಗೆ ಮಾತ್ರ ಗ್ರಹಚಾರ. ಹೋಟೆಲಿನವರು ಹಾಸಿಗೆಯ ಮೇಲೆ ಗುಲಾಬಿ ದಳ ಚೆಲ್ಲುತ್ತಾರೆ, ಸುತ್ತ ಮೇಣದಬತ್ತಿ ಹಚ್ಚುತ್ತಾರೆ. ಆಮೇಲೆ ದಳದ ಕಲೆ, ಮೇಣದ ಹನಿ, ದಿಂಬಿನ ಚೀಲದೊಳಗೆ ಕರಗಿದ ಚಾಕೊಲೇಟು, ಎಲ್ಲ ಇಲ್ಲಿಗೇ ಬರುತ್ತದೆ. ಆದರೂ ಹೆಂಗಸರು ಆ ದಿನವನ್ನು ಬಿಡುತ್ತಿರಲಿಲ್ಲ. ವಯಸ್ಸಿನ ಹುಡುಗಿಯರ ಊಟದ ಡಬ್ಬಿಯ ಕೆಳಗೆ ಹೃದಯದ ಚಿತ್ರದ ಕಾರ್ಡು ಹೇಗೋ ಬಂದು ಕೂತಿರುತ್ತಿತ್ತು. ಹೂ ಕೊಡುವವರಿಲ್ಲದ ಮಿಕ್ಕವರು ಗೆಳತಿಯ ಕೈಗೆ ಕೆಂಪು ದಾರ ಕಟ್ಟುತ್ತಿದ್ದರು. ಅದು ತಾನಾಗಿ ಸವೆದು ಬೀಳಬೇಕು; ಬಿಚ್ಚಿದರೆ ಸ್ನೇಹ ಹೋಯಿತೆಂದು ಲೆಕ್ಕ. ಮೆಷಿನ್ನಿನ ಹತ್ತಿರ ಬಳೆ, ಉಂಗುರ, ದಾರ ಯಾವುದೂ ಕೂಡದೆಂದು ಗೋಡೆಯ ಮೇಲೆ ಬರೆದಿತ್ತು. ಅದಕ್ಕೇ ಎಲ್ಲರೂ ಅಂಗಿಯ ತೋಳಿನೊಳಗೆ ಅಡಗಿಸಿಕೊಳ್ಳುತ್ತಿದ್ದರು.

ಈ ವರ್ಷ ಮೊದಲು ಸೋತವಳು ಇಸ್ತ್ರಿಯಕ್ಕ. ಆ ದಿನದ ಹಿಂದಿನ ಸಂಜೆ ಅಂಗಡಿಗೆ ಹೋಗಿ, ಹತ್ತಿಯ ದಾರ ಬೇಡ, ನೈಲಾನಿನ ಹುರಿ ಕೊಡು ಎಂದಳು. ಅದು ದೋಣಿ ಕಟ್ಟುವ ಹುರಿ, ಗೆಳತಿಗೆ ಕಟ್ಟುವುದಲ್ಲ ಎಂದು ಅಂಗಡಿಯವನು ನಕ್ಕ. ಬೆಳಿಗ್ಗೆ ಮೆಷಿನ್ನು ಕಾಯುವ ಮುಂಚೆ ಗಿಣಿಯ ಬಲಗೈ ಎಳೆದು ಮೂರು ಗಂಟು ಹಾಕಿದಳು.

“ಈ ಸಲ ಅದು ಹೇಗೆ ಕಿತ್ತು ಎಸೀತೀಯೋ ನೋಡ್ತೀನಿ.”

ಗಿಣಿಯ ಕಣ್ಣು ತುಂಬಿತು. “ಸಾಯೋವರೆಗೂ ಬಿಚ್ಚಲ್ಲ ಬಿಡಕ್ಕಾ,” ಎಂದಳು. ಆಮೇಲೆ ಮೂರು ತಿಂಗಳ ಮಾತೆಲ್ಲ ಒಮ್ಮೆಗೇ ಹೊರಗೆ ಬಂತು. ಅವಳ ಬಾಯಿಯೂ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ.

ಊಟದ ಹೊತ್ತಿಗೆ ಆತುರ ಹೆಚ್ಚಿತು. ನಾಲ್ಕು ಹೋಟೆಲಿನ ವ್ಯಾನುಗಳು ಬಾಗಿಲಲ್ಲಿ ಕಾಯುತ್ತಿದ್ದವು. ರೋಲರಿನ ಮುಂದೆ ಒಂದು ಅಡ್ಡಪಟ್ಟಿ ಇತ್ತು. ಕೈ ತಗುಲಿದರೆ ಸಾಕು, ಮೆಷಿನ್ನು ನಿಲ್ಲುತ್ತಿತ್ತು. ಅದು ಸುಮ್ಮಸುಮ್ಮನೆ ತಗುಲಿ ಕೆಲಸ ಕೆಡಿಸುತ್ತದೆಂದು ಮೇಸ್ತ್ರಿ ಬೆಳಿಗ್ಗೆಯೇ ಅದನ್ನು ಬಟ್ಟೆಯಿಂದ ಬಿಗಿದು ಕಟ್ಟಿಸಿದ್ದ.

ಗಿಣಿ ಏನೋ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು. ಇಸ್ತ್ರಿಯಕ್ಕ ತಿರುಗಿ ನೋಡಿದಳು. ಗಂಟಿನಿಂದ ಇಳಿಬಿದ್ದಿದ್ದ ಹುರಿಯ ತುದಿ ಚಾದರದೊಡನೆ ರೋಲರಿನ ಕೆಳಗೆ ಹೋಗಿತ್ತು. ಗಿಣಿ ಹಿಂದಕ್ಕೆ ಜಗ್ಗುತ್ತಿದ್ದಳು. ಕೈ ಮುಂದಕ್ಕೇ ಹೋಗುತ್ತಿತ್ತು. ಹತ್ತಿಯ ದಾರವಾಗಿದ್ದರೆ ಆಗಲೇ ತುಂಡಾಗಿರುತ್ತಿತ್ತು.

“ಅಕ್ಕಾ, ಕೈ.”

ಇಸ್ತ್ರಿಯಕ್ಕ ಅಡ್ಡಪಟ್ಟಿಯನ್ನು ಗುದ್ದಿದಳು, ಅದು ಮಿಸುಕಲಿಲ್ಲ. ಗೋಡೆಯ ಸ್ವಿಚ್ಚಿಗೆ ಹತ್ತು ಹೆಜ್ಜೆ, ನಡುವೆ ಬಟ್ಟೆಯ ಗಾಡಿಗಳು. ಗಿಣಿಯ ಬೆರಳಿಗೂ ರೋಲರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಇಸ್ತ್ರಿಯಕ್ಕ ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟಳು. ಪಕ್ಕದ ಗಾಡಿಯಿಂದ ಒದ್ದೆ ಚಾದರಗಳನ್ನು ತೋಳಿಗೆ ಸಿಕ್ಕಷ್ಟು ಬಾಚಿ, ಗುಡ್ಡೆಗುಡ್ಡೆಯಾಗಿ ರೋಲರಿನ ಬಾಯಿಗೆ ತುರುಕಿದಳು. ಒಂದು ಗುಡ್ಡೆ ನುಂಗಿತು. ಎರಡನೆಯದನ್ನು ಅರ್ಧ ನುಂಗಿತು. ಮೂರನೆಯದಕ್ಕೆ ಬೆಲ್ಟು ಕಿರುಚಿತು, ಸುಟ್ಟ ರಬ್ಬರಿನ ವಾಸನೆ ಬಂತು, ರೋಲರು ನಡುಗಿ ನಿಂತಿತು.

ಯಾರೋ ಓಡಿಹೋಗಿ ಸ್ವಿಚ್ಚು ಆರಿಸಿದರು. ಯಾರೋ ಕತ್ತರಿ ತಂದರು. ಗಂಟು ಬಿಚ್ಚಲು ಬರಲಿಲ್ಲ. ಅದನ್ನು ಹಾಕಿದವಳೇ ಹುರಿಯನ್ನು ಕತ್ತರಿಸಿದಳು. ಗಿಣಿಯ ಎರಡು ಬೆರಳ ತುದಿ ಬೆಂದು ಬೆಳ್ಳಗಾಗಿತ್ತು.

ಮೇಸ್ತ್ರಿ ವರದಿಯ ಪುಸ್ತಕ ಹಿಡಿದು ಬಂದ. ಮೆಷಿನ್ನು ನೋಡಿದ, ಹುರಿಯ ತುಂಡು ನೋಡಿದ. ಇದನ್ನು ಕಟ್ಟಿಕೊಂಡವರಿಗೂ ಕಟ್ಟಿದವರಿಗೂ ನಾಳೆಯಿಂದ ಕೆಲಸವಿಲ್ಲ ಎಂದ. ನಾನೇ ಕಟ್ಟಿಕೊಂಡೆ ಎಂದು ಗಿಣಿ ಹಲ್ಲು ಕಚ್ಚಿಕೊಂಡೇ ಹೇಳಿದಳು. ಸುಮ್ಮನಿದ್ದಿದ್ದರೆ ಇಸ್ತ್ರಿಯಕ್ಕ ಉಳಿದುಕೊಳ್ಳುತ್ತಿದ್ದಳು.

“ಒಂದೇ ಕೈಯಲ್ಲಿ ಮೂರು ಗಂಟು ಹಾಕ್ಕೊಳ್ಳೋಕಾಗುತ್ತಾ?” ಎಂದಳು ಅವಳು. “ಕಟ್ಟಿದ್ದು ನಾನು. ತಪ್ಪು ನನ್ನದೇ, ಬರ್ಕೊಳ್ಳಿ. ಹಾಗೇ ಆ ಪಟ್ಟಿಗೆ ಬಟ್ಟೆ ಕಟ್ಟಿಸಿದ್ದು ಯಾರು ಅಂತಾನೂ ಕೆಳಗೆ ಬರೀರಿ. ನಾವಿಬ್ಬರೂ ಸಹಿ ಹಾಕ್ತೀವಿ.”

ಸುತ್ತ ನಿಂತ ಹೆಂಗಸರು ಯಾರೂ ಅಲುಗಲಿಲ್ಲ. ಮೇಸ್ತ್ರಿ ಏನನ್ನೂ ಬರೆಯದೆ ಪುಸ್ತಕ ಮುಚ್ಚಿ, ತಾನೇ ಹೋಗಿ ಪಟ್ಟಿಯ ಬಟ್ಟೆ ಬಿಚ್ಚಿದ. ಮೊದಲು ಅವಳನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಎಂದ.

ಡಾಕ್ಟರು ಕಟ್ಟು ಹಾಕುವ ಮುನ್ನ ಬೆರಳು ಮಡಿಸಲು ಹೇಳಿದರು. ಹೆಬ್ಬೆರಳು ಮಡಚಿತು, ಕಿರುಬೆರಳೂ ಉಂಗುರದ ಬೆರಳೂ ಮಡಚಿದವು. ಬೆಂದ ಎರಡು ತಡವಾಗಿ, ಒಂದರ ಹಿಂದೆ ಒಂದು, ಮಡಚಿದವು. ಪಕ್ಕದಲ್ಲಿದ್ದ ಇಸ್ತ್ರಿಯಕ್ಕ ಒಂದೊಂದನ್ನೂ ಎಣಿಸಿದಳು.

ಗಿಣಿ ಕೆಲಸಕ್ಕೆ ಮರಳಿದ್ದು ಐದು ವಾರದ ಮೇಲೆ. ಆ ಎರಡು ಬೆರಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ಬಟ್ಟೆಯ ಅಂಚೂ ತಿಳಿಯುತ್ತಿರಲಿಲ್ಲ. ಮೊದಲ ಚಾದರವನ್ನು ಹಿಡಿಯುವಾಗ ಅವಳ ಕೈ ಹಿಂದೆ ಬಿತ್ತು. ಇಸ್ತ್ರಿಯಕ್ಕ ತನ್ನ ಕೈಯನ್ನೂ ಅಷ್ಟೇ ಹಿಂದಕ್ಕೆ ತಂದಳು. ಚಾದರ ನಿಧಾನವಾಗಿ, ನೇರವಾಗಿ ಒಳಗೆ ಹೋಯಿತು.